ಕಾಫಿಗೆ ಒಂದು ಗಂಟೆ, ಚಕ್ಕೋತಕ್ಕೆ ಮೂರು ದಿನ

ಥೈರಾಯ್ಡ್ ಮಾತ್ರೆ ನುಂಗಿ ಹತ್ತು ನಿಮಿಷ ಕಳೆಯುವ ಮೊದಲೇ ಕಾಫಿ ಲೋಟಕ್ಕೆ ಕೈಚಾಚುವವರನ್ನು ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಗಳಲ್ಲಿ ಹುಡುಕಬೇಕಾಗಿಲ್ಲ. ಟಿಎಸ್‌ಎಚ್ ರಿಪೋರ್ಟ್ ನೋಡಿದ ಡಾಕ್ಟರು, "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದು ಕೇಳುತ್ತಾರೆ. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಸುಳ್ಳೇನಲ್ಲ. ಮಾತ್ರೆ ಹೊಟ್ಟೆಗೆ ಹೋಗಿದೆ. ಅದರ ಒಂದು ಪಾಲು ಕರುಳಿನಿಂದ ರಕ್ತಕ್ಕೆ ದಾಟಿಲ್ಲ, ಅಷ್ಟೇ. ಮುಂದಿನ ಚೀಟಿಯಲ್ಲಿ ಡೋಸ್ ಏರುತ್ತದೆ. ಕಾಫಿ ಮಾತ್ರ ತನ್ನ ಹೊತ್ತಿಗೆ ಬರುತ್ತಲೇ ಇರುತ್ತದೆ.

ತಿನ್ನುವ, ಕುಡಿಯುವ ಪದಾರ್ಥಗಳಲ್ಲಿ ನಮ್ಮ ಮೈಯ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ಅಣುಗಳು ಬೇಕಾದಷ್ಟಿವೆ. ಆ ಪ್ರೋಟೀನುಗಳಲ್ಲಿ ಕೆಲವು ಜೀವಕೋಶದ ಮೈಮೇಲೆ ನಿಂತು ಸುದ್ದಿ ಹಿಡಿಯುವ ರಿಸೆಪ್ಟರುಗಳು. ಕೆಲವು, ಬಂದದ್ದನ್ನೆಲ್ಲ ಕತ್ತರಿಸಿ ಹೊರಹಾಕುವ ಕಿಣ್ವಗಳು. ಇನ್ನು ಕೆಲವಕ್ಕೆ ಕರುಳಿನ ಗೋಡೆಯಲ್ಲಿ ಸಾಮಾನು ದಾಟಿಸುವ ಕೆಲಸ. ಔಷಧಗಳು ಕೂಡ ಇವನ್ನೇ ನೆಚ್ಚಿಕೊಂಡಿವೆ. ಹಾಗಾಗಿ ಅಡುಗೆಮನೆಯ ಡಬ್ಬಿಗೂ ಮೆಡಿಕಲ್ ಶಾಪಿನ ಕವರಿಗೂ ಒಳಗೊಳಗೇ ಸಂಬಂಧವಿದೆ. ಇದನ್ನು ತಿನ್ನಬೇಡಿ, ಅದನ್ನು ಮುಟ್ಟಬೇಡಿ ಎನ್ನುವ ಪಟ್ಟಿಗಳು ವಾಟ್ಸಾಪಿನಲ್ಲಿ ದಿನಕ್ಕೆರಡು ಬರುತ್ತವೆ; ಇನ್ನೊಂದನ್ನು ಸೇರಿಸುವ ಉದ್ದೇಶ ನನಗಿಲ್ಲ. ಕೆಲವಕ್ಕೆ ನಡುವೆ ಒಂದಿಷ್ಟು ಹೊತ್ತು ಬಿಟ್ಟರೆ ಸಾಕು, ಕೆಲವನ್ನು ಅಳತೆ ಬದಲಿಸದೆ ತಿನ್ನಬೇಕು, ಕೆಲವೇ ಕೆಲವನ್ನು ಪೂರ್ತಿ ಬಿಡಬೇಕು. ಯಾವುದು ಯಾವ ಗುಂಪಿಗೆ ಎಂದು ತಿಳಿಯದಿದ್ದಾಗಲೇ ತೊಂದರೆ.

ಸೀಟು ಹಿಡಿಯುವ ಕೆಫೀನ್

ಕಾಫಿಯಿಂದಲೇ ಶುರುಮಾಡೋಣ. ಎಚ್ಚರವಿರುವ ಹೊತ್ತು ಬೆಳೆದಂತೆ ಮಿದುಳಿನಲ್ಲಿ ಅಡೆನೊಸಿನ್ ಎಂಬ ಅಣು ಸೇರುತ್ತ ಹೋಗುತ್ತದೆ. ಅದು ತನ್ನ ರಿಸೆಪ್ಟರುಗಳ ಮೇಲೆ ಕೂತಾಗ ನರಕೋಶಗಳ ಓಟ ತಗ್ಗುತ್ತದೆ, ಕಣ್ಣು ಎಳೆಯುತ್ತದೆ. ಕೆಫೀನಿನ ಆಕಾರ ಅಡೆನೊಸಿನ್ನಿಗೆ ಹತ್ತಿರ. ಬನಶಂಕರಿ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅದು ಜಾಗ ಹಿಡಿದು ಬಿದ್ದಿರುತ್ತದೆ. ಅಲ್ಲಿ ಆಗಬೇಕಾದ ಕೆಲಸವನ್ನು ಮಾಡುವುದಿಲ್ಲ. ಅಡೆನೊಸಿನ್ ನಿಂತೇ ಇರಬೇಕಾಗುತ್ತದೆ. ಕಾಫಿ ಶಕ್ತಿ ಕೊಡುವುದಿಲ್ಲ, ದಣಿವಿನ ಸುದ್ದಿ ತಲುಪದಂತೆ ತಡೆಯುತ್ತದೆ. ಕೆಫೀನ್ ಎದ್ದುಹೋದ ಮೇಲೆ ಕಾಯುತ್ತಿದ್ದ ದಣಿವೆಲ್ಲ ಒಟ್ಟಿಗೆ ಬಂದು ಕೂರುತ್ತದೆ.

ಮೈಗೆ ಸೇರಿದ ಕೆಫೀನಿನ ಅರ್ಧ ಪಾಲು ಹೊರಹೋಗಲು ಸಾಮಾನ್ಯವಾಗಿ 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೆ ರಕ್ತದಲ್ಲೇ ಇರುತ್ತದೆ. "ಕಾಫಿ ಕುಡಿದೇ ಮಲಗ್ತೀನಿ, ನಂಗೇನೂ ಆಗಲ್ಲ" ಎನ್ನುವವರಿಗೆ ನಿದ್ದೆ ಬರುವುದು ನಿಜ, ಆ ನಿದ್ದೆಯ ಆಳ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಸೋಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿ.ಗ್ರಾಂ ದಾಟಬಾರದು ಎನ್ನುತ್ತದೆ ಅದು. ಗರ್ಭಿಣಿಯರಿಗೆ 200ರ ಒಳಗೆ ಎಂಬುದು ಹಲವು ದೇಶಗಳ ಸಲಹೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕೆಫೀನ್ ಹೊರಹೋಗುವುದು ಬಹಳ ನಿಧಾನ. ಈ ಲೆಕ್ಕದಲ್ಲಿ ನಮ್ಮ ಬೈಟು ಕಾಫಿ ಬಹಳ ವಿವೇಕದ ಪದ್ಧತಿ. ಪುಡಿ ಅಂಗಡಿಯಲ್ಲಿ ಕೇಳುವ ಚಿಕೋರಿ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಎಂಬತ್ತು-ಇಪ್ಪತ್ತು ಕುಡಿಯುವವರಿಗಿಂತ ಅರವತ್ತು-ನಲವತ್ತು ಕುಡಿಯುವವರಿಗೆ ಕೆಫೀನ್ ಕಡಿಮೆ. ಆದರೆ ಪುಡಿಯಲ್ಲಿ ರೋಬಸ್ಟಾ ಬೀಜ ಹೆಚ್ಚಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಹತ್ತಿರಹತ್ತಿರ ಎರಡು ಪಟ್ಟು.

ದಿನವೂ ಸೀಟು ಸಿಗದಿದ್ದರೆ ಮಿದುಳು ಸುಮ್ಮನಿರುವುದಿಲ್ಲ, ಅಡೆನೊಸಿನ್ ರಿಸೆಪ್ಟರುಗಳನ್ನೇ ಹೆಚ್ಚಿಸಿಕೊಳ್ಳುತ್ತದೆ. ಏಕಾದಶಿ, ಶಿವರಾತ್ರಿಯಂದು ಕಾಫಿಯನ್ನೂ ಬಿಟ್ಟು ಉಪವಾಸ ಮಾಡುವವರಿಗೆ ಸಂಜೆಯ ಹೊತ್ತಿಗೆ ಹಣೆ ಸಿಡಿಯುವುದಕ್ಕೆ ಇದೇ ಕಾರಣ. ಪಿತ್ತ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುವವರು, ಕೊನೆಯ ಕಾಫಿ ಕುಡಿದು ಹನ್ನೆರಡು ಗಂಟೆ ದಾಟಿತೇ ಎಂದು ಒಮ್ಮೆ ಗಡಿಯಾರ ನೋಡಿಕೊಳ್ಳುವುದು ಒಳ್ಳೆಯದು. ಕಾಫಿ ಬಿಡುವ ಮನಸ್ಸಿದ್ದರೆ ಒಂದೇ ದಿನಕ್ಕೆ ಬಿಡಬೇಡಿ. ವಾರಕ್ಕೆ ಅರ್ಧ ಲೋಟದಂತೆ ಇಳಿಸುತ್ತ ಬಂದರೆ ತಲೆನೋವು ಕಾಡುವುದು ಕಡಿಮೆ.

ಕೆಫೀನನ್ನು ಬಹುಪಾಲು ಒಡೆಯುವುದು ಲಿವರಿನ ಒಂದೇ ಕಿಣ್ವ, ಸಿವೈಪಿ1ಎ2. ಬಿಟಿಎಂ ಲೇಔಟಿನ ಟೀ ಅಂಗಡಿಗಳ ಮುಂದೆ ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಗ್ಲಾಸು ಹಿಡಿದು ನಿಲ್ಲುವ ಹುಡುಗರಲ್ಲಿ ಈ ಕಿಣ್ವ ಜೋರಾಗಿರುತ್ತದೆ, ತಂಬಾಕಿನ ಹೊಗೆ ಅದನ್ನು ಹೆಚ್ಚಿಸುತ್ತದೆ. ಅವರೇ ಸಿಗರೇಟು ಬಿಟ್ಟಾಗ ಕಿಣ್ವ ಮತ್ತೆ ಇಳಿದು, ಅದೇ ನಾಲ್ಕು ಗ್ಲಾಸಿಗೆ ರಕ್ತದಲ್ಲಿ ಕೆಫೀನ್ ಬಹಳ ಏರುತ್ತದೆ. ಎದೆ ಡವಡವ, ಕೈನಡುಕ, ನಿದ್ದೆಗೇಡು. ಸಿಗರೇಟು ಬಿಟ್ಟಿದ್ದರಿಂದಲೇ ಹೀಗಾಗುತ್ತಿದೆ ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಸಿಗರೇಟು ಬಿಡುವ ವಾರವೇ ಕಾಫಿ, ಚಹಾವನ್ನೂ ಅರ್ಧಕ್ಕಿಳಿಸಿದರೆ ಈ ಪೀಡೆಯ ಒಂದು ಭಾಗ ತಪ್ಪುತ್ತದೆ. ಮೂತ್ರದ ಸೋಂಕಿಗೆ, ಭೇದಿಗೆ ಬರೆಯುವ ಸಿಪ್ರೊಫ್ಲಾಕ್ಸಾಸಿನ್ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ಆ ಐದಾರು ದಿನ ನಿಮ್ಮ ಮಾಮೂಲಿ ಕಾಫಿಯೇ ಸ್ಟ್ರಾಂಗ್ ಆಗಿಬಿಡುತ್ತದೆ. ಈ ಮಾತ್ರೆಯನ್ನು ಹಾಲು, ಮಜ್ಜಿಗೆ, ರಾಗಿ ಗಂಜಿಯ ಜೊತೆ ನುಂಗಲೂಬಾರದು, ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.

ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಕ್ಲೋಜಪಿನ್ ಎಂಬ ಔಷಧ ಬಹುಪಾಲು ಇದೇ ಕಿಣ್ವದಿಂದ ಒಡೆಯುತ್ತದೆ. ಕಾಫಿ ಹಠಾತ್ತನೆ ಹೆಚ್ಚಾದರೂ, ಸಿಗರೇಟು ಹಠಾತ್ತನೆ ನಿಂತರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಇನ್ನೊಂದು ಔಷಧ ಲಿಥಿಯಂನ ವಿಷಯ ಉಲ್ಟಾ: ಕಾಫಿ ಅದನ್ನು ಮೂತ್ರದಲ್ಲಿ ಹೊರಗೆ ತಳ್ಳುತ್ತಿರುತ್ತದೆ, ಒಮ್ಮೆಲೇ ಕಾಫಿ ನಿಲ್ಲಿಸಿದರೆ ಲಿಥಿಯಂ ಏರುತ್ತದೆ. ಇಂಥವರು ಕಾಫಿ, ಸಿಗರೇಟಿನ ರೂಢಿ ಬದಲಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಬೇಕು.

ಇನ್ನು ಥೈರಾಯ್ಡ್ ಮಾತ್ರೆ. 2008ರಲ್ಲಿ ಇಟಲಿಯ ವೈದ್ಯರು, ಮಾತ್ರೆಯ ಜೊತೆಗೋ ಅದರ ಬೆನ್ನಿಗೋ ಎಸ್ಪ್ರೆಸೊ ಕುಡಿಯುತ್ತಿದ್ದವರಲ್ಲಿ ಲೆವೊಥೈರಾಕ್ಸಿನ್ ಹೀರಿಕೆ ತಗ್ಗುವುದನ್ನು ತೋರಿಸಿದರು. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಒಂದು ಗಂಟೆ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಾತ್ರೆ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ಹಾಗೆ ಬರೆದುಕೊಡುವವರಿದ್ದಾರೆ.

ಒಗರು, ಕಬ್ಬಿಣ ಮತ್ತು ನಿಂಬೆಹಣ್ಣು

ಅಣು ಪ್ರೋಟೀನನ್ನು ಹಿಡಿಯುವುದು ಹೇಗೆಂದು ಬಾಯಲ್ಲೇ ನೋಡಬೇಕೆಂದರೆ ಒಂದು ಬೆಟ್ಟದ ನೆಲ್ಲಿಕಾಯಿ ಕಚ್ಚಿ. ಮೊದಲು ಹುಳಿ. ಅಗಿಯುತ್ತ ಹೋದಂತೆ ನಾಲಿಗೆ ಒರಟಾಗುತ್ತದೆ, ಕೆನ್ನೆಯ ಒಳಮೈ ಹಲ್ಲಿಗೆ ಉಜ್ಜಿದಂತಾಗುತ್ತದೆ, ಬಾಯಲ್ಲಿದ್ದ ನುಣುಪು ಎಲ್ಲೋ ಹೋಗಿಬಿಡುತ್ತದೆ. ಇದೇ ಒಗರು. ಜೊಲ್ಲಿನಲ್ಲಿ ಬಾಯಿಯನ್ನು ಜಾರುವಂತೆ ಇಡುವ ಪ್ರೋಟೀನುಗಳಿರುತ್ತವೆ. ಕಾಯಿಯ ಟ್ಯಾನಿನ್‌ಗಳು ಅವನ್ನು ಹಿಡಿದು ಗಂಟುಕಟ್ಟುತ್ತವೆ. ಹಾಗಾಗಿ ಒಗರು ಬಹುಮಟ್ಟಿಗೆ ಸ್ಪರ್ಶ. ಸಿಹಿ, ಕಹಿಯಂತೆ ತನ್ನದೇ ರಿಸೆಪ್ಟರಿನಿಂದ ಬರುವ ರುಚಿಯಲ್ಲ. ಬಾಳೆಕಾಯಿ, ನೇರಳೆ, ಹಾಲು ಹಾಕದ ಗಟ್ಟಿ ಚಹಾ ಎಲ್ಲದರಲ್ಲೂ ಇದೇ ಕಥೆ. ಚಹಾಕ್ಕೆ ಹಾಲು ಬಿದ್ದರೆ ಹಾಲಿನ ಕೇಸೀನ್ ಪ್ರೋಟೀನೇ ಟ್ಯಾನಿನ್ನಿಗೆ ಸಿಕ್ಕಿಬೀಳುತ್ತದೆ, ಜೊಲ್ಲು ಉಳಿದುಕೊಳ್ಳುತ್ತದೆ.

ಇದೇ ಜಾತಿಯ ಅಣುಗಳು ಊಟದಲ್ಲಿನ ಕಬ್ಬಿಣವನ್ನೂ ಹಿಡಿಯುತ್ತವೆ. ಬಿಟಿಎಂ ಲೇಔಟಿನಿಂದ ಮಡಿವಾಳ ಹಾದು ಹೋದರೆ ಸಿಗುವ ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಯುವತಿಯರಿಗೆ ಅನ್ನದ ಊಟ ಕೊಟ್ಟು ಕಬ್ಬಿಣ ಎಷ್ಟು ಹೀರಿಕೆಯಾಗುತ್ತದೆ ಎಂದು ಅಳೆದರು. ಜೊತೆಗೆ ಒಂದು ಕಪ್ ಕಪ್ಪು ಚಹಾ ಕುಡಿದರೆ ಹೀರಿಕೆ ಅರ್ಧಕ್ಕೆ ಬಂತು, ಎರಡು ಕಪ್ ಕುಡಿದರೆ ಮೂರರಲ್ಲೊಂದು ಪಾಲಿನಷ್ಟೇ ಉಳಿಯಿತು. ರಕ್ತಹೀನತೆ ಇದ್ದವರಲ್ಲೂ ಇಲ್ಲದವರಲ್ಲೂ ಹೆಚ್ಚುಕಡಿಮೆ ಹೀಗೇ. ಅದೇ ಊಟದ ಜೊತೆ ವಿಟಮಿನ್ ಸಿ ಕೊಟ್ಟಾಗ ಹೀರಿಕೆ ಹಲವು ಪಟ್ಟು ಏರಿತು.

ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇಡ್ಲಿ ತಟ್ಟೆ ಇಳಿಸಿದ ಕೂಡಲೇ ಕಾಫಿ ಎನ್ನುವ ದರ್ಶಿನಿ ಪದ್ಧತಿ ನಾಲಿಗೆಗೆ ಹಿತ, ಅವರ ಪಾಲಿಗೆ ನಷ್ಟ. 1983ರಷ್ಟು ಹಿಂದೆಯೇ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಒಂದು ಸ್ವಾರಸ್ಯ ಹೊರಬಿತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ, ಊಟವಾದ ಒಂದು ಗಂಟೆಗೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಅಡ್ಡಿಮಾಡಿತು. ನಾವು ಸಾಮಾನ್ಯವಾಗಿ ಉಲ್ಟಾ ಅಂದುಕೊಂಡಿರುತ್ತೇವೆ. ಹಾಲು ಹಾಕಿದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಬೇಡ, ಕಬ್ಬಿಣದ ವಿಷಯದಲ್ಲಿ ಹಾಲಿನಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ರಕ್ತಹೀನತೆ ಇರುವವರು, ಗರ್ಭಿಣಿಯರು ತಿಂಡಿಗೆ ಮುಂಚೆಯೇ ಕಾಫಿ ಮುಗಿಸಲಿ. ಊಟದ ಮೇಲಾದರೆ ಎರಡು ಗಂಟೆ ಕಾಯಲಿ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿ, ಚಹಾ, ಹಾಲಿನ ಜೊತೆ ನುಂಗಲೇಬಾರದು. ಚಿತ್ರಾನ್ನ, ಕೋಸಂಬರಿ, ಬೇಳೆಸಾರಿಗೆ ನಿಂಬೆಹಣ್ಣು ಹಿಂಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಒಲೆ ಆರಿಸಿದ ಮೇಲೆ ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳು.

ಶೇ 2000ದ ಹಿಂದಿನ ಲೆಕ್ಕ

ಅರಿಶಿನದ ಕ್ಯಾಪ್ಸೂಲ್ ಡಬ್ಬಿಗಳ ಮೇಲೆ "ಕಾಳುಮೆಣಸಿನ ಸಾರದೊಂದಿಗೆ 2000% ಹೆಚ್ಚು" ಎಂಬ ಸಾಲು ಕಾಣುತ್ತದಲ್ಲ, ಆ ಅಂಕಿ ಹುಟ್ಟಿದ್ದು ಕೂಡ ಇದೇ ಸೇಂಟ್ ಜಾನ್ಸ್ ಕ್ಯಾಂಪಸ್ಸಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಪ್ರಬಂಧ ಅದರ ಮೂಲ. ಜಗತ್ತಿನ ಪೂರಕ ಆಹಾರದ ಮಾರುಕಟ್ಟೆಯನ್ನು ಇಷ್ಟು ಬದಲಿಸಿದ ಬೆಂಗಳೂರಿನ ಪ್ರಬಂಧ ಇನ್ನೊಂದು ಇರಲಾರದು. ಅದನ್ನು ಓದಿದವರಿಗಿಂತ ಅದರ ಅಂಕಿಯನ್ನು ಮಾರಿಕೊಂಡವರೇ ಹೆಚ್ಚು.

ಅದರಲ್ಲಿ ಇರುವುದಿಷ್ಟು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ಅತ್ಯಲ್ಪ ಕಂಡಿತು. ಕರುಳಿನ ಗೋಡೆ, ಲಿವರಿನ ಕಿಣ್ವಗಳು ಅದಕ್ಕೆ ಸಕ್ಕರೆಯ ಬಾಲವೊಂದನ್ನು ಕಟ್ಟಿ ಹೊರಗೆ ಕಳಿಸಿಬಿಡುತ್ತವೆ. ಮೆಣಸಿನ ಪೈಪರೀನ್ 20 ಮಿ.ಗ್ರಾಂ ಜೊತೆಗಿಟ್ಟು ಕೊಟ್ಟಾಗ ಆ ಕಿಣ್ವಗಳ ಕೈ ಕಟ್ಟಿದಂತಾಗಿ ಕರ್ಕ್ಯುಮಿನ್ ರಕ್ತಕ್ಕೆ ಬಂತು. ಏರಿಕೆ ಶೇ 2000, ಆದರೆ ಕಂಡದ್ದು ನುಂಗಿದ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ. ಇಲಿಗಳಲ್ಲಿ ಅದೇ ಜೋಡಿಯಿಂದ ಆದ ಏರಿಕೆ ಶೇ 154 ಮಾತ್ರ, ಅವುಗಳಲ್ಲಿ ಮೊದಲೇ ಒಂದಿಷ್ಟು ಕರ್ಕ್ಯುಮಿನ್ ರಕ್ತ ಸೇರುತ್ತಿತ್ತು. ಸೊನ್ನೆಯ ಪಕ್ಕದಲ್ಲಿರುವುದನ್ನು ಎಷ್ಟು ಪಟ್ಟು ಮಾಡಿದರೂ ಅದು ದೊಡ್ಡ ಮೊತ್ತವಾಗಬೇಕೆಂದಿಲ್ಲ. ಡಬ್ಬಿಯ ಮೇಲೆ ಇದಕ್ಕೆ ಜಾಗವಿರುವುದಿಲ್ಲ.

ಅಡುಗೆಮನೆಗೆ ಇಳಿಸಿ ನೋಡೋಣ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇ 3ರ ಆಸುಪಾಸು. 2 ಗ್ರಾಂ ಬೇಕೆಂದರೆ ಅರವತ್ತು ಎಪ್ಪತ್ತು ಗ್ರಾಂ ಪುಡಿ ತಿನ್ನಬೇಕು. ರಾತ್ರಿ ಹಾಲಿಗೆ ಬೆರೆಸುವ ಅರ್ಧ ಚಮಚದಲ್ಲಿ ಸಿಗುವುದು ಐವತ್ತು ಮಿ.ಗ್ರಾಂ ಆಸುಪಾಸು. ಮೆಣಸಿನಲ್ಲಿ ಪೈಪರೀನ್ ಸುಮಾರು ಶೇ 5, ಹಾಗಾಗಿ 20 ಮಿ.ಗ್ರಾಂ ಎಂದರೆ ಎಂಟು ಹತ್ತು ಕಾಳು. ಅಂದರೆ ಮೆಣಸಿನ ಸಾರಿನಲ್ಲಿ ಮೆಣಸಿನ ಪಾಲು ಪ್ರಯೋಗದ ಹತ್ತಿರಕ್ಕೆ ಬರುತ್ತದೆ, ಅರಿಶಿನದ ಪಾಲು ಮೈಲಿ ದೂರ ಉಳಿಯುತ್ತದೆ. ಶೀತವಾದಾಗ ಅರಿಶಿನದ ಹಾಲು ಕುಡಿಯಿರಿ, ಹಿತವಾಗಿರುತ್ತದೆ. ಅದನ್ನು ಔಷಧದ ಡೋಸ್ ಎಂದು ಎಣಿಸಬೇಡಿ.

ಆತಂಕ ಇರುವುದು ಕ್ಯಾಪ್ಸೂಲಿನ ಕಡೆಗೆ. ಪೈಪರೀನ್ ಕಟ್ಟುವುದು ಕರ್ಕ್ಯುಮಿನ್ನಿನ ದಾರಿಯೊಂದನ್ನೇ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿ ಮತ್ತು ಮೈಗ್ರೇನ್‌ಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್, ಇವೆಲ್ಲವೂ ಪೈಪರೀನ್ ಜೊತೆ ಸೇರಿದಾಗ ರಕ್ತದಲ್ಲಿ ಏರುವುದನ್ನು ಮನುಷ್ಯರಲ್ಲೇ ಅಳೆದಿದ್ದಾರೆ. ಫೆನಿಟಾಯಿನ್‌ಗೆ ಸರಿಯಾದ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. 2022ರಲ್ಲಿ ಅಮೆರಿಕದ ಲಿವರ್ ತಜ್ಞರ ಜಾಲವೊಂದು ಅರಿಶಿನ ಪೂರಕಗಳಿಂದ ಲಿವರ್ ಕೆಟ್ಟ ಹತ್ತು ಪ್ರಕರಣಗಳನ್ನು ವರದಿ ಮಾಡಿತು. ಅವರಲ್ಲಿ ಹೆಚ್ಚಿನವರಿಗೆ ಒಂದೇ ಬಗೆಯ ಜೀನ್ ಗುರುತಿತ್ತು. ನಿಮ್ಮಲ್ಲಿ ಆ ಗುರುತಿದೆಯೇ ಎಂದು ಮೊದಲೇ ತಿಳಿಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಪ್ಸೂಲ್ ಶುರುಮಾಡಿದ ಮೇಲೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಸುಸ್ತಾದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ಚಕ್ಕೋತ: ಇಲ್ಲಿ ಗ್ಯಾಪ್ ನಡೆಯುವುದಿಲ್ಲ

ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಬಿಪಿ ಮಾತ್ರೆ ಫೆಲೊಡಿಪಿನ್ನಿನ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ದ್ರಾಕ್ಷಿಹಣ್ಣಿಗೆ ಸಂಬಂಧವೇ ಇಲ್ಲದ ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಔಷಧ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಕಂಡಿತು. ಕಾರಣ ಮದ್ಯವಲ್ಲ, ಹಣ್ಣು ಎಂದು ಆಮೇಲೆ ಗೊತ್ತಾಯಿತು. ಆ ಮೊದಲ ಪ್ರಯೋಗ 1989ರಲ್ಲಿ ಪ್ರಕಟವಾಯಿತು. ಆ ರಸದ ಫ್ಯುರಾನೊಕೂಮರಿನ್ ಎಂಬ ಅಣುಗಳು ಕರುಳಿನ ಗೋಡೆಯ ಸಿವೈಪಿ3ಎ4 ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ಕೆಟ್ಟ ಕಿಣ್ವ ಮತ್ತೆ ಏಳುವುದಿಲ್ಲ, ಕರುಳು ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಇಲ್ಲಿ ಸಾಗದು.

ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ. ಆದರೆ ಅದರ ತಾಯಿಬೇರು ಚಕ್ಕೋತ. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ನಮ್ಮ ಪಕ್ಕದ್ದೇ, ಗಾಂಧಿ ಬಜಾರಿನ ಹಣ್ಣಿನ ಸಾಲಿನಲ್ಲಿ ಕಾಣಸಿಗುವ ಹಣ್ಣು. ಚಕ್ಕೋತದಲ್ಲೂ ಇದೇ ಅಣುಗಳಿವೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ಸೈಕ್ಲೊಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್ ತಗೊಳ್ಳುವವರು ಅದನ್ನು ಪೂರ್ತಿ ಬಿಡಬೇಕು. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ತಗೊಳ್ಳುವವರು ಬಿಡುವುದೇ ವಾಸಿ. ರೊಸುವಾಸ್ಟಾಟಿನ್ ಆದರೆ ಈ ಚಿಂತೆ ಇಲ್ಲ. ಮೂಸಂಬಿ, ಕಿತ್ತಳೆಗೆ ಈ ದೋಷವಿಲ್ಲ. ಹಾಗೆಂದು ಯಾವ ಮಾತ್ರೆಯನ್ನೂ ಜ್ಯೂಸಿನಲ್ಲಿ ನುಂಗುವ ರೂಢಿ ಬೇಡ. ಈ ಊರಿನ ಧೂಳಿಗೆ, ಪರಾಗಕ್ಕೆ ಸೀನುವವರು ನುಂಗುವ ಫೆಕ್ಸೊಫೆನಡಿನ್ ಕಿತ್ತಳೆ ಅಥವಾ ಸೇಬಿನ ರಸದ ಜೊತೆ ಹೋದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಅದನ್ನು ಒಳಗೆ ಕರೆದುಕೊಳ್ಳುವ ಕರುಳಿನ ಪ್ರೋಟೀನಿಗೆ ರಸ ಅಡ್ಡ ಬರುತ್ತದೆ.

ಸೊಪ್ಪು ಬಿಡಬೇಡಿ

ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಕವಾಟ ಬದಲಿಸಿಕೊಂಡು ಬಂದವರ ಮನೆಯಲ್ಲಿ ಬಸ್ಸಾರು, ಮಸ್ಸೊಪ್ಪು ನಿಂತುಹೋಗುವುದುಂಟು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಅಸಿಟ್ರೋಮ್, ವಾರ್ಫರಿನ್ ಮಾತ್ರೆಗಳು ಲಿವರಿನಲ್ಲಿ ವಿಟಮಿನ್ ಕೆಯನ್ನು ಮರುಬಳಕೆಗೆ ಸಜ್ಜುಮಾಡುವ ಕಿಣ್ವವನ್ನು ತಡೆಯುತ್ತವೆ. ಪಾಲಕ್, ನುಗ್ಗೆ, ಮೆಂತ್ಯ, ದಂಟು ಎಲ್ಲದರಲ್ಲೂ ವಿಟಮಿನ್ ಕೆ ಇದೆ. ಅದಕ್ಕೇ ಯಾರೋ "ಸೊಪ್ಪು ಮುಟ್ಟಬೇಡಿ" ಎಂದು ಹೇಳಿರುತ್ತಾರೆ. ಮೂರು ತಿಂಗಳು ಮುಟ್ಟದೆ, ಆ ಸ್ಥಿತಿಗೆ ತಕ್ಕಂತೆ ಡೋಸ್ ಗೊತ್ತುಮಾಡಿಸಿಕೊಂಡು, ಆಮೇಲೆ ಊರಿಗೆ ಹೋಗಿ ವಾರವಿಡೀ ಸೊಪ್ಪಿನ ಸಾರು ಉಂಡರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ ಕುಸಿಯುತ್ತದೆ. ಅಪಾಯ ಇರುವುದು ಈ ಏರುಪೇರಿನಲ್ಲಿ. ವಾರಕ್ಕೆ ಮೂರು ದಿನ ಸೊಪ್ಪು ತಿನ್ನುವವರು ಮೂರು ದಿನ, ಅಷ್ಟೇ ಕಟ್ಟು, ತಿನ್ನುತ್ತಲೇ ಇರಲಿ. ಡಾಕ್ಟರು ಆ ರೂಢಿಯ ಮೇಲೆಯೇ ಮಾತ್ರೆಯ ಅಳತೆ ಗೊತ್ತುಮಾಡುತ್ತಾರೆ. ಹಬ್ಬ, ಉಪವಾಸ, ಆಂಟಿಬಯೋಟಿಕ್ ಕೋರ್ಸ್ ಏನೇ ಬಂದರೂ ಅದರ ಬೆನ್ನಿಗೆ ಒಂದು ಐಎನ್‌ಆರ್ ಮಾಡಿಸಿ. ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಸೊಪ್ಪಿನ ಹಂಗಿಲ್ಲ, ಆದರೆ ಲೋಹದ ಕವಾಟ ಇರುವವರಿಗೆ ಅವು ಆಗಿಬರುವುದಿಲ್ಲ.

ಸಂಜೆ ಎಳನೀರಿನ ಗಾಡಿಯ ಹತ್ತಿರವೂ ಒಂದು ಎಚ್ಚರ ಬೇಕು. ಬಿಪಿಗೆ, ಹೃದಯಕ್ಕೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್ ಬಗೆಯ ಮಾತ್ರೆಗಳಿಂದ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕುವುದು ತಗ್ಗುತ್ತದೆ. ಎಳನೀರಿನ 100 ಮಿ.ಲೀ.ನಲ್ಲಿ 200 ಮಿ.ಗ್ರಾಂ ದಾಟಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಗಟ್ಟಿಯಿದ್ದವರಿಗೆ ದಿನಕ್ಕೊಂದು ಎಳನೀರಿನಿಂದ ಏನೂ ಆಗದು. ಕ್ರಿಯಾಟಿನಿನ್ ಹೆಚ್ಚಿರುವವರು ಕೇಳಿಯೇ ಕುಡಿಯಬೇಕು.

ಖಾರ, ಸಾಸಿವೆ

ಇಲ್ಲಿ ಮಾತ್ರೆಯ ಗೊಡವೆ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಹಿಡಿಯುವುದು ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ರಿಸೆಪ್ಟರನ್ನು. ಸುಮಾರು 43 ಡಿಗ್ರಿ ದಾಟಿದ ಶಾಖಕ್ಕೆ ತೆರೆದುಕೊಳ್ಳುವ ಆ ಬಾಗಿಲನ್ನು ಕ್ಯಾಪ್ಸೈಸಿನ್ ತಣ್ಣಗಿರುವಾಗಲೇ ತೆರೆಯುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಕೆಂಪು ಚಟ್ನಿ ಸವರಿದ ದೋಸೆ ತಿಂದ ಮೇಲೆ ಬಿಸಿ ಕಾಫಿ ಬಾಯಿಗಿಟ್ಟರೆ ಸುಡುವುದು ಎರಡೂ ಒಂದೇ ರಿಸೆಪ್ಟರಿಗೆ ಬಡಿಯುವುದರಿಂದ. ನೀರು ಕುಡಿದರೆ ಕ್ಯಾಪ್ಸೈಸಿನ್ ಕರಗುವುದಿಲ್ಲ. ತಣ್ಣನೆಯ ಹಾಲು, ಮಜ್ಜಿಗೆಯ ಕೇಸೀನ್ ಅದನ್ನು ಹಿಡಿದೊಯ್ಯುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. ಹಕ್ಕಿಗಳ ಟಿಆರ್‌ಪಿವಿ1ಗೆ ಖಾರ ತಗಲುವುದೇ ಇಲ್ಲ, ಗಿಣಿ ಹಸಿಮೆಣಸಿನಕಾಯಿಯನ್ನು ಅಷ್ಟು ಆರಾಮಾಗಿ ತಿನ್ನುವ ಗುಟ್ಟು ಅದು.

ಸಾಸಿವೆಯ ಘಾಟು ಬೇರೆ ರಿಸೆಪ್ಟರಿನದು, ಟಿಆರ್‌ಪಿಎ1. ಒಗ್ಗರಣೆಯಲ್ಲಿ ಚಟಪಟಗುಟ್ಟಿದ ಸಾಸಿವೆ ನೆತ್ತಿಗೇರುವುದಿಲ್ಲ. ಅದೇ ಸಾಸಿವೆಯನ್ನು ಹಸಿಯಾಗಿ ಕಾಯಿತುರಿಯ ಜೊತೆ ರುಬ್ಬಿದರೆ ಏರುತ್ತದೆ. ಘಾಟಿನ ಅಣು ಕಾಳಿನಲ್ಲಿ ಮೊದಲಿಂದ ಇರುವುದಿಲ್ಲ, ಕಾಳು ಒಡೆದು ನೀರು ತಗಲಿದಾಗ ಅದರೊಳಗಿನ ಕಿಣ್ವ ತಯಾರಿಸುತ್ತದೆ. ಕಾದ ಎಣ್ಣೆಗೆ ಬಿದ್ದರೆ ಆ ಕಿಣ್ವವೇ ಸಾಯುತ್ತದೆ.

ಪಾರ್ಕಿನ ಬಾಗಿಲ ಜ್ಯೂಸು

ಕಹಿಗೆಂದೇ ಮನುಷ್ಯನ ನಾಲಿಗೆಯಲ್ಲಿ ಸುಮಾರು ಇಪ್ಪತ್ತೈದು ಬಗೆಯ ರಿಸೆಪ್ಟರುಗಳಿವೆ, ಸಿಹಿಗೆ ಒಂದೇ ಜೋಡಿ. ಗಿಡಗಳ ವಿಷಗಳಲ್ಲಿ ಬಹಳಷ್ಟು ಕಹಿ. ಹಾಗಾಗಿ ಈ ಕಾವಲನ್ನು ಹಗುರವಾಗಿ ಕಾಣಬಾರದು. ಆದರೆ ಜಯನಗರ, ಜೆ.ಪಿ. ನಗರದ ಪಾರ್ಕುಗಳ ಬಾಗಿಲಲ್ಲಿ ಬೆಳಗಿನ ಹೊತ್ತು ಸೋರೆಕಾಯಿ, ಹಾಗಲಕಾಯಿ ರಸ ಮಾರುವ ಕಡೆ, "ಕಹಿ ಇದ್ದಷ್ಟೂ ಒಳ್ಳೇದು ಸಾರ್" ಎಂಬ ಮಾತು ನಡೆಯುತ್ತದೆ. ಹಾಗಲಕಾಯಿ ಕಹಿಯಾಗಿರುವುದು ಅದರ ಸ್ವಭಾವ. ಸೋರೆಕಾಯಿ ಕಹಿಯಾದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಸೇರಿದೆ ಎಂದರ್ಥ. ಕಹಿ ಸೋರೆಕಾಯಿ ರಸ ಕುಡಿದು ದೇಶದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪರಿಣತರ ಸಮಿತಿ ಮಾಡಿ ಸಲಹೆ ಕೊಡಬೇಕಾಯಿತು. ರಸ ತೆಗೆಯುವ ಮೊದಲು ಒಂದು ಚೂರು ಕಚ್ಚಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಬೇರೆ ರಸ ಬೆರೆಸಿದರೆ ಕಹಿ ಮರೆಯಾಗುತ್ತದೆ, ಆದ್ದರಿಂದ ಬೆರೆಸಬೇಡಿ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ, ರಕ್ತದೊತ್ತಡ ಕುಸಿಯುತ್ತದೆ. ನನ್ನನ್ನು ಕೇಳಿದರೆ, ಬೇರೆಯವರು ಹಿಂಡಿಟ್ಟ ಸೋರೆಕಾಯಿ ರಸವನ್ನು ಕುಡಿಯಲೇಬಾರದು. ಪಲ್ಯ ಮಾಡಿ ತಿನ್ನಲಿಕ್ಕೆ ಅಡ್ಡಿಯಿಲ್ಲ, ಆ ಕಾಯಿಯನ್ನೂ ಹೆಚ್ಚುವಾಗ ರುಚಿ ನೋಡಿ.

ಹಾಗಲಕಾಯಿ ರಸ, ಮೆಂತ್ಯದ ಪುಡಿ, ಮಧುನಾಶಿನಿ ಪುಡಿಗಳ ಜೊತೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗೊಳ್ಳುವವರಿಗೆ ಶುಗರ್ ಇಳಿದು ಬೆವರು, ನಡುಕ ಬರಬಹುದು. ಅಂದಹಾಗೆ ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಅಗಿದಂತೆ ಇರುತ್ತದೆ. ಅದರ ಜಿಮ್ನೆಮಿಕ್ ಆಮ್ಲ ಅರ್ಧ ಗಂಟೆಯ ಮಟ್ಟಿಗೆ ಸಿಹಿಯ ರಿಸೆಪ್ಟರನ್ನು ಮುಚ್ಚುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ. ಸಿಹಿ ಗೊತ್ತಾಗದಿದ್ದರೂ ಸಕ್ಕರೆ ರಕ್ತ ಸೇರುವುದು ನಿಲ್ಲುವುದಿಲ್ಲ.

"ಬೇರೆ ಏನಾದ್ರೂ ತಗೋತಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ನಮ್ಮವರ ಬಾಯಲ್ಲಿ ಬರುವುದು "ಏನಿಲ್ಲ" ಎಂಬ ಮಾತು. ಕಷಾಯ, ಲೇಹ್ಯ, ಪಾರ್ಕಿನ ಜ್ಯೂಸು, ಮಗ ಅಮೆರಿಕದಿಂದ ತಂದ ಕ್ಯಾಪ್ಸೂಲು ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಮುಂದಿನ ಸಲ ಹೋಗುವಾಗ ಆ ಡಬ್ಬಿ, ಸೀಸೆಗಳ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಕಾಫಿ ಯಾವ ಹೊತ್ತಿಗೆ, ಮಾತ್ರೆ ಯಾವ ಹೊತ್ತಿಗೆ ಎಂದು ಕೆಳಗೊಂದು ಸಾಲು ಬರೆದುಕೊಳ್ಳಿ. ಯಾವುದೋ ಮಾತ್ರೆ, ಪುಡಿ, ಕ್ಯಾಪ್ಸೂಲಿನ ಮೇಲೆ ಅನುಮಾನ ಬಂದರೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ನೇರವಾಗಿ ಕರೆಮಾಡಿ ತಿಳಿಸಬಹುದು, ಡಾಕ್ಟರ ಮೂಲಕವೇ ಹೋಗಬೇಕೆಂದಿಲ್ಲ.